ಮೊದಲು ಪ್ರೊಪೆಲ್ಲರ್ ಬಿಚ್ಚಿಡು

ಪ್ರೀತಿಯ ಸಿಂಧು,

ನಿನ್ನ ವಿಂಡ್ ಟನಲ್ (ಮಾದರಿಗಳ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಕೊಳವೆ) ಪ್ರಾಜೆಕ್ಟಿನ ವಿಡಿಯೋ ನೋಡಿದೆ. ಮೋಟಾರ್ ತಿರುಗದೆ ಬರೀ ಬೀಪ್ ಬೀಪ್ ಅನ್ನುತ್ತಿದೆ, ನೀನು ಪ್ರೊಪೆಲ್ಲರ್ ಪಕ್ಕದಲ್ಲೇ ಕೈಯಿಟ್ಟು ಕೂತಿದ್ದೀಯ! ಮೊದಲು ಅದನ್ನು ಬಿಚ್ಚಿಡು, ಆಮೇಲೆ ಮುಂದೆ ಓದು. 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟಾರಿಗೆ 11.1 ವೋಲ್ಟ್ ಬ್ಯಾಟರಿ ಅಂದರೆ ಲೋಡ್ ಇಲ್ಲದಾಗ ನಿಮಿಷಕ್ಕೆ ಸುಮಾರು 11,000 ಸುತ್ತು. ಬೆರಳು ಸಿಕ್ಕರೆ ಹೊಲಿಗೆ ಗ್ಯಾರಂಟಿ.

ಬೀಪ್ ಯಾಕೆ ಗೊತ್ತಾ? ಇಎಸ್‌ಸಿ, ಅಂದರೆ ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತು ಮೋಟಾರ್ ಓಡಿಸುವ ಸರ್ಕ್ಯೂಟ್, ಸರಿಯಾದ ಸಿಗ್ನಲ್‌ಗೆ ಕಾಯುತ್ತಿದೆ. ನೀನು ಆರ್ಡುಯಿನೋ ಊನೋದ (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಬೋರ್ಡ್) 9ನೇ ಪಿನ್ನಿಂದ ಅನಲಾಗ್‌ರೈಟ್ ಕಮಾಂಡಿನ ಪಲ್ಸ್ ಕೊಟ್ಟಿದ್ದೀಯ, ಅದು ಸೆಕೆಂಡಿಗೆ 490 ಸಲ ಬಡಿಯುತ್ತದೆ. ಇಎಸ್‌ಸಿಗೆ ಬೇಕಾದದ್ದು ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ಥರದ ಪಲ್ಸ್: 20 ಮಿಲಿಸೆಕೆಂಡಿಗೊಂದು, ಅಗಲ 1000ದಿಂದ 2000 ಮೈಕ್ರೋಸೆಕೆಂಡ್. ಆರ್ಡುಯಿನೋದ ಸರ್ವೋ ಲೈಬ್ರರಿ ಹಾಕಿ ರೈಟ್‌ಮೈಕ್ರೋಸೆಕೆಂಡ್ಸ್ ಕಮಾಂಡ್ ಬಳಸು. ಸೆಟಪ್‌ನಲ್ಲಿ (ಪ್ರೋಗ್ರಾಂ ಶುರುವಾಗುವ ಭಾಗದಲ್ಲಿ) ಕೆಲವು ಸೆಕೆಂಡ್ 1000 ಕಳಿಸುತ್ತಿರು, ಆಗ ಅದು ತಯಾರಾಗುತ್ತದೆ. ಗ್ರೌಂಡ್ ವೈರ್ ಬೋರ್ಡಿಗೂ ಇಎಸ್‌ಸಿಗೂ ಸೇರಿರಲಿ. ಇಎಸ್‌ಸಿಯ ಸಣ್ಣ ಕೆಂಪು ವೈರಿನಲ್ಲಿ 5 ವೋಲ್ಟ್ ಹೊರಗೆ ಬರುತ್ತಿದ್ದರೆ, ಯುಎಸ್‌ಬಿ ಚುಚ್ಚಿರುವಾಗ ಅದನ್ನು ಬೋರ್ಡಿಗೆ ಕೊಡಬೇಡ. ಮೋಟಾರ್ ಉಲ್ಟಾ ತಿರುಗಿದರೆ ಅದರಿಂದ ಇಎಸ್‌ಸಿಗೆ ಹೋಗುವ ಮೂರು ವೈರಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡು, ಅಷ್ಟೇ.

ಇನ್ನು ಮುಖ್ಯ ವಿಷಯ. 1500 ಮೈಕ್ರೋಸೆಕೆಂಡಿನ ಪಲ್ಸ್ ಕೊಟ್ಟರೆ ಅರ್ಧ ಸ್ಪೀಡ್ ಅಂತ ರಿಪೋರ್ಟಿನಲ್ಲಿ ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ಸಾಮಾನ್ಯ ಇಎಸ್‌ಸಿಗೆ ಸ್ಪೀಡ್ ಹಿಡಿದಿಡುವ ಉಸಾಬರಿ ಇಲ್ಲ, ಬ್ಯಾಟರಿಯ ವೋಲ್ಟೇಜಿನಲ್ಲಿ ಎಷ್ಟು ಪಾಲು ಮೋಟಾರಿಗೆ ಬಿಡಬೇಕು ಅನ್ನೋದನ್ನಷ್ಟೇ ಅದು ನೋಡಿಕೊಳ್ಳುತ್ತದೆ. ಫುಲ್ ಚಾರ್ಜ್ ಆದಾಗ ಬ್ಯಾಟರಿ 12.6 ವೋಲ್ಟ್ ಇರುತ್ತದೆ, ಅದು ಇಳಿದ ಹಾಗೆ ಅದೇ 1500ಕ್ಕೆ ಸ್ಪೀಡೂ ಇಳಿಯುತ್ತದೆ, ಪ್ರೊಪೆಲ್ಲರ್ ಹಾಕಿದರಂತೂ ಇನ್ನೂ ಜಾಸ್ತಿ. ನಿನ್ನ ವಿಂಡ್ ಟನಲ್‌ಗೆ ಗಾಳಿ ಒಂದೇ ಸಮ ಬೀಸಬೇಕು ಅಲ್ವಾ? ಹಾಗಾದರೆ ಅಳೆಯಲೇಬೇಕು. ಮೋಟಾರಿನ ಹೊರಮೈ ಪೂರ್ತಿ ಕಪ್ಪು ಮಾಡಿ ಒಂದು ಕಡೆ ಬಿಳಿ ಟೇಪ್ ಅಂಟಿಸು, ಎದುರಿಗೆ ಐಆರ್ (ಇನ್ಫ್ರಾರೆಡ್) ಸೆನ್ಸರ್ ಇಡು, ಇಂಟರಪ್ಟ್‌ನಲ್ಲಿ (ಸಿಗ್ನಲ್ ಬಂದ ಕೂಡಲೇ ಓಡುವ ಕೋಡ್) ಒಂದು ಸುತ್ತಿಗೆ ಎಷ್ಟು ಸಮಯ ಹಿಡಿಯಿತು ಅಂತ ನೋಡು. ಬೇಕಾದ ಸ್ಪೀಡಿಗೂ ಬಂದ ಸ್ಪೀಡಿಗೂ ಇರುವ ವ್ಯತ್ಯಾಸದಿಂದ ಪಲ್ಸ್ ತಿದ್ದು. ಅದಕ್ಕೆ ಪಿಐ ಸಾಕು: ಪಿ ಈಗಿನ ವ್ಯತ್ಯಾಸಕ್ಕೆ ತಕ್ಕಂತೆ ತಿದ್ದುತ್ತದೆ, ಐ ಇದುವರೆಗಿನ ವ್ಯತ್ಯಾಸವನ್ನು ಕೂಡಿಸುತ್ತಾ ತಿದ್ದುತ್ತದೆ. ವ್ಯತ್ಯಾಸ ಎಷ್ಟು ಬೇಗ ಬದಲಾಗುತ್ತಿದೆ ಅಂತ ನೋಡುವ ಡಿ ಸೇರಿಸಿ ಒದ್ದಾಡಬೇಡ. ಐ ಭಾಗಕ್ಕೆ ಮಾತ್ರ ಮಿತಿ ಹಾಕು, ಇಲ್ಲದಿದ್ದರೆ ಮೋಟಾರ್ ಯಾವುದಕ್ಕೋ ತಗುಲಿ ನಿಂತಾಗ ಅದು ಏರುತ್ತಾ ಹೋಗಿ, ಬಿಡಿಸಿದ ಕೂಡಲೇ ಫುಲ್ ಸ್ಪೀಡಿಗೆ ನುಗ್ಗುತ್ತದೆ.

ತೀರಾ ನಿಧಾನಕ್ಕೆ ತಿರುಗಿಸುವ ಆಸೆ ಬೇಡ. ಸೆನ್ಸರ್ ಇಲ್ಲದ ಮೋಟಾರಿನಲ್ಲಿ ರೋಟರ್ ಎಲ್ಲಿದೆ ಅನ್ನೋದು ಕಾಯಿಲ್‌ನಲ್ಲಿ ಹುಟ್ಟುವ ವೋಲ್ಟೇಜಿನಿಂದಲೇ ಗೊತ್ತಾಗಬೇಕು, ನಿಧಾನದಲ್ಲಿ ಅದು ತೀರಾ ಕಡಿಮೆ, ಹಾಗಾಗಿ ಜರ್ಕ್ ಹೊಡೆಯುತ್ತದೆ. ನಿಧಾನವೇ ಬೇಕಿದ್ದರೆ ಹಾಲ್ ಸೆನ್ಸರ್ (ಮ್ಯಾಗ್ನೆಟ್‌ನಿಂದ ರೋಟರ್ ಎಲ್ಲಿದೆ ಅಂತ ಹೇಳುವ ಸೆನ್ಸರ್) ಇರುವ ಮೋಟಾರ್, ಅದಕ್ಕೆ ಒಪ್ಪುವ ಡ್ರೈವರ್ ತಗೋ.

ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಬೇಡ. ಅಮ್ಮನಿಗೂ ಹೇಳಿದ್ದೇನೆ, ಕಣ್ಣಿಟ್ಟಿರ್ತಾಳೆ. ಪಲ್ಸ್ ಎಷ್ಟು, ಸುತ್ತು ಎಷ್ಟು, ಆಗ ಬ್ಯಾಟರಿ ವೋಲ್ಟೇಜ್ ಎಷ್ಟು ಅಂತ ಬರೆದು ಭಾನುವಾರದೊಳಗೆ ಕಳಿಸು, ಪಿಐ ನಂಬರುಗಳನ್ನು ಕೂತು ನೋಡೋಣ.

ನಿನ್ನ ಚಿಕ್ಕಪ್ಪ