ಶಿಬಿರಕ್ಕೆ ದುಡ್ಡು ಬೇಕು, ‘ಅಯ್ಯೋ ಪಾಪ’ ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ದೃಷ್ಟಿ ಕಳೆದುಕೊಂಡವರ ಶಿಬಿರಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಜೊತೆಗೊಂದು ಫೋಟೊ. ಕಪ್ಪು ಕನ್ನಡಕದ ಹುಡುಗನೊಬ್ಬ ತಲೆ ತಗ್ಗಿಸಿ ನಿಂತಿರುತ್ತಾನೆ, ಪಕ್ಕದಲ್ಲಿ ದಾನಿಗಳು ಚೆಕ್ ಹಿಡಿದು ಕ್ಯಾಮೆರಾ ನೋಡುತ್ತಿರುತ್ತಾರೆ. ಇಂಥ ಶಿಬಿರದಲ್ಲಿ ಸ್ವಯಂಸೇವಕಿಯಾಗಿ ದುಡಿಯುವ, ಅದಕ್ಕಾಗಿ ಚಂದಾ ಎತ್ತುತ್ತ ಓಡಾಡುವ ನನಗೆ ಈ ಫೋಟೊ ಕಂಡರಾಗದು. ಅದರಿಂದ ದುಡ್ಡು ಬರುತ್ತದೆ, ಸುಳ್ಳಲ್ಲ. ಆದರೆ ಅದನ್ನು ನೋಡಿ ಸಹಾಯಕ್ಕೆ ಬರುವವರು ‘ಅಯ್ಯೋ ಪಾಪ’ ಎನ್ನುತ್ತಲೇ ಒಳಗೆ ಕಾಲಿಡುತ್ತಾರೆ. ಅದನ್ನು ಬಿಡಿಸುವುದರಲ್ಲೇ ನಮಗೆ ಸಾಕುಸಾಕಾಗುತ್ತದೆ.

ಹೊಸಬರು ಮೊದಲು ಮಾಡುವುದೇನು ಗೊತ್ತಾ? ಶಿಬಿರಕ್ಕೆ ಬಂದವರ ತೋಳು ಹಿಡಿದು ಎಳೆದುಕೊಂಡು ಹೋಗುವುದು. ಇಲ್ಲವೇ ಹಿಂದಿನಿಂದ ಮೆಲ್ಲಗೆ ತಳ್ಳುವುದು. ಹಾಗೆ ತಳ್ಳಿದರೆ ಕಣ್ಣಿದ್ದವರಿಗೂ ದಿಗಿಲಾಗುತ್ತದೆ, ಅಲ್ವಾ? ನಾವು ಅವರನ್ನು ಹಿಡಿಯಬಾರದು, ಅವರು ನಮ್ಮನ್ನು ಹಿಡಿಯಬೇಕು. ಮೊಣಕೈಯ ಸ್ವಲ್ಪ ಮೇಲೆ ಅವರು ಹಿಡಿದುಕೊಳ್ಳುತ್ತಾರೆ, ನಾವು ಅರ್ಧ ಹೆಜ್ಜೆ ಮುಂದೆ ನಡೆಯುತ್ತೇವೆ. ನಾವು ತಿರುಗಿದ್ದು, ನಿಂತದ್ದು, ಮೆಟ್ಟಿಲು ಹತ್ತಿದ್ದು ಎಲ್ಲ ಆ ಕೈಗೆ ತಿಳಿಯುತ್ತದೆ. ಬಾಗಿಲು ಇಕ್ಕಟ್ಟಾಗಿದ್ದರೆ ನಮ್ಮ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದರೆ ಸಾಕು, ಅವರು ತಾವಾಗಿಯೇ ನಮ್ಮ ಹಿಂದೆ ಬರುತ್ತಾರೆ. ಮೆಟ್ಟಿಲ ಮುಂದೆ ಒಂದು ಕ್ಷಣ ನಿಂತು ‘ಮೇಲಕ್ಕೆ’ ಅಥವಾ ‘ಕೆಳಕ್ಕೆ’ ಅಂತ ಹೇಳಬೇಕು. ‘ಹುಷಾರು!’ ಅಂತ ಕೂಗಿದರೆ ಯಾತಕ್ಕೆ ಹುಷಾರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಕೂರಿಸುವಾಗ ಭುಜ ಒತ್ತಬೇಡಿ. ಕುರ್ಚಿಯ ಬೆನ್ನಿಗೆ ಅವರ ಕೈ ತಾಗಿಸಿದರೆ ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ. ಇನ್ನು, ಮಾತಿನ ನಡುವೆ ಹೇಳದೆ ಕೇಳದೆ ಎದ್ದು ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಖಾಲಿ ಜಾಗದ ಜೊತೆ ಮಾತಾಡಿಸಿದ ಪಾಪ ಯಾಕೆ ಕಟ್ಟಿಕೊಳ್ಳುತ್ತೀರಿ!

ಇದನ್ನೆಲ್ಲ ಒಂದು ದಿನದ ತರಬೇತಿಯಲ್ಲಿ ಕಲಿಯಬಹುದು. ಆದರೆ ಆ ಒಂದು ದಿನಕ್ಕೆ ದುಡ್ಡು ಹುಟ್ಟುವುದಿಲ್ಲ. ತಮ್ಮ ಹೆಸರು ಅಚ್ಚು ಹಾಕಿದ ಬ್ಯಾಗು, ಟೀ ಶರ್ಟು ಕೊಡಲು ಜನ ಸಿಗುತ್ತಾರೆ. ಬಸ್ಸಿನ ಬಾಡಿಗೆಗೆ ಸಿಗುವುದಿಲ್ಲ. ವಾಹನ ಓಡಿಸಲಾಗದವರು ಶಿಬಿರಕ್ಕೆ ಬಂದು ಸೇರುವುದಾದರೂ ಹೇಗೆ ಅಂತ ಯಾರೂ ಕೇಳುವುದಿಲ್ಲ. ಮಲಗುವ ಕೋಣೆಯಿಂದ ಊಟದ ಮನೆಗೆ ದಾರಿಯುದ್ದಕ್ಕೂ ಕಟ್ಟುವ ಹಗ್ಗ, ಮೆಟ್ಟಿಲಿನ ಅಂಚಿಗೆ ಅಂಟಿಸುವ ಹಳದಿ ಪಟ್ಟಿ, ಬ್ರೈಲ್‌ಗೆ ಬೇಕಾದ ದಪ್ಪ ಕಾಗದ – ಇವುಗಳ ಮೇಲೆ ಯಾರ ಹೆಸರೂ ಬರೆಯಲಾಗುವುದಿಲ್ಲ. ಆದರೆ ಕೈಗೆ ಹಗ್ಗ ಸಿಕ್ಕಿದರೆ ಒಬ್ಬರು ಯಾರನ್ನೂ ಕರೆಯದೆ ಬೆಳಿಗ್ಗೆ ಎದ್ದು ತಾವೇ ಊಟದ ಮನೆಗೆ ಬರುತ್ತಾರೆ. ನನ್ನ ಕೇಳಿದರೆ ಟೀ ಶರ್ಟಿಗಿಂತ ಹಗ್ಗವೇ ಮೇಲು.

‘ಕಣ್ಣು ಕಾಣದವರಿಗೆ ಹಳದಿ ಪಟ್ಟಿ ಯಾಕೆ?’ ಅಂತ ದಾನಿಯೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ದೃಷ್ಟಿದೋಷ ಇರುವವರಲ್ಲಿ ಪೂರ್ತಿ ಕತ್ತಲೆ ಇರುವವರು ಕಡಿಮೆ. ಕೆಲವರಿಗೆ ಕೊಳವೆಯಲ್ಲಿ ಇಣುಕಿದ ಹಾಗೆ ನಡುಭಾಗ ಮಾತ್ರ ಕಾಣುತ್ತದೆ. ಕೆಲವರಿಗೆ ನಡುಭಾಗವೇ ಹೋಗಿ ಅಂಚು ಉಳಿದಿರುತ್ತದೆ. ಹಗಲು ಆರಾಮಾಗಿ ಓಡಾಡುವವರು ಸಂಜೆಯಾದರೆ ಕೋಲು ಹಿಡಿಯುತ್ತಾರೆ. ಬಿಳಿ ಕೋಲು ಪಕ್ಕಕ್ಕಿಟ್ಟು ಮೊಬೈಲನ್ನು ಕಣ್ಣಿಗೆ ಅಂಟಿಸಿಕೊಂಡು ಓದುವವರನ್ನು ಕಂಡು ‘ಇದೆಲ್ಲ ನಾಟಕ’ ಅಂದವರೂ ಇದ್ದಾರೆ. ಅಂಥವರು ಚಂದಾ ಕೊಡದಿದ್ದರೂ ಸರಿ, ಈ ಮಾತು ಆಡದಿದ್ದರೆ ಸಾಕು.

ಈಚೆಗೆ ಕಣ್ಣಿಗೆ ಬಟ್ಟೆ ಕಟ್ಟಿ ಊಟ ಮಾಡಿಸಿ, ನಡೆಸಿ ದುಡ್ಡು ಎತ್ತುವುದು ಜಾಸ್ತಿಯಾಗಿದೆ. ಉದ್ದೇಶ ಒಳ್ಳೆಯದೇ. ಆದರೆ ಕಾಲು ಗಂಟೆ ಕಣ್ಣು ಕಟ್ಟಿಕೊಂಡವರಿಗೆ ಸಿಗುವುದು ಬರೀ ಗಾಬರಿ. ವರ್ಷಗಟ್ಟಲೆ ಹಾಗೇ ಬಾಳಿದವರ ಚುರುಕು ಅದರಲ್ಲಿ ಎಲ್ಲಿ ಕಾಣಬೇಕು? ಅದರ ಬದಲು ಗೋಲ್‌ಬಾಲ್ ಪಂದ್ಯ ಇಡಿ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಹುಟ್ಟಿದ ಆಟ ಇದು. 1976ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಒಂದೊಂದು ಕಡೆ ಮೂವರು, ಎಲ್ಲರ ಕಣ್ಣಿಗೂ ಪಟ್ಟಿ. ಒಳಗೆ ಗೆಜ್ಜೆಯಿರುವ, 1.25 ಕೆ.ಜಿ. ತೂಕದ ಚೆಂಡು ನೆಲದ ಮೇಲೆ ಉರುಳಿ ಬರುತ್ತದೆ. ಸದ್ದು ಕೇಳಿ, ಮೈ ಅಡ್ಡ ಚಾಚಿ ತಡೆಯಬೇಕು. ಅಂಕಣದ ಗೆರೆಗಳ ಕೆಳಗೂ ದಾರ ಇರುತ್ತದೆ, ಮುಟ್ಟಿ ನೋಡಿ ಜಾಗ ತಿಳಿದುಕೊಳ್ಳಲು. ನೋಡುವವರು ಗಪ್‌ಚುಪ್ ಕೂರಬೇಕು. ದಾನಿಗಳದೊಂದು ತಂಡ, ಶಿಬಿರದವರದೊಂದು ತಂಡ ಮಾಡಿ. ಚೆಂಡು ಎಡಕ್ಕೋ ಬಲಕ್ಕೋ ಅಂತ ದಾನಿಗಳು ತಿಣುಕುವಷ್ಟರಲ್ಲಿ ಗೋಲು ಆಗಿರುತ್ತದೆ. ಹಾಗೆ ಸೋತ ಮನುಷ್ಯ ಮರುದಿನ ‘ಅಯ್ಯೋ ಪಾಪ’ ಅನ್ನುವುದು ಕಷ್ಟ.

ಇನ್ನೊಂದು ಮಾತು. ಈ ಶಿಬಿರಗಳು ಮಕ್ಕಳಿಗಷ್ಟೇ ಅಲ್ಲ. ಸಕ್ಕರೆ ಕಾಯಿಲೆಯಿಂದಲೋ ಗ್ಲಾಕೋಮಾದಿಂದಲೋ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರೂ ಬರುತ್ತಾರೆ. ಲೋಟಕ್ಕೆ ನೀರು ಸುರಿಯುವಾಗ ಬೆರಳ ತುದಿಯನ್ನು ಅಂಚಿನೊಳಗೆ ಇಟ್ಟುಕೊಳ್ಳುವುದನ್ನು ಅವರಿಗೆ ಹುಟ್ಟಿನಿಂದಲೇ ಕಾಣದ ಹುಡುಗಿ ಹೇಳಿಕೊಡುತ್ತಾಳೆ. ಆಗ ನಮ್ಮಂಥವರ ಕೆಲಸ ಸುಮ್ನೆ ದೂರ ನಿಲ್ಲುವುದು. ಅದೂ ಒಂದು ಅಭ್ಯಾಸವೇ, ಬೇಗ ಬರುವುದಿಲ್ಲ.

ಪತ್ರಿಕೆಯವರಲ್ಲಿ ಒಂದು ಕೋರಿಕೆ. ಶಿಬಿರದ ಸುದ್ದಿಯನ್ನು ಸಮಾರೋಪ ಆದ ಮೇಲೆ ಹಾಕುವ ಬದಲು ಎರಡು ಮೂರು ತಿಂಗಳು ಮುಂಚೆ ಹಾಕಿ. ದೇಣಿಗೆ ಎಲ್ಲಿ ಕಟ್ಟಬೇಕು ಅನ್ನುವುದರ ಪಕ್ಕದಲ್ಲೇ ಸ್ವಯಂಸೇವಕರ ತರಬೇತಿಯ ದಿನಾಂಕವೂ ಇರಲಿ. ಫೋಟೊ ಹಾಕುವ ಮುಂಚೆ ಅದರಲ್ಲಿರುವವರ ಒಪ್ಪಿಗೆ ಕೇಳಿ, ಫೋಟೊದಲ್ಲಿ ಏನಿದೆ ಅಂತ ಅವರಿಗೆ ಬಾಯಲ್ಲಿ ವಿವರಿಸಿ. ಬೇಡ ಅಂದರೆ ಬಿಟ್ಟುಬಿಡಿ.

ಇಂತಿ,
ಒಬ್ಬ ಸ್ವಯಂಸೇವಕಿ