ತ್ರಿಶೂರಿನ ವಿಜಯನ್ ಎಲ್ಲಿ?

ಮಾನ್ಯ ಸಂಪಾದಕರೇ,

ಮೈದಾನದಿಂದ ಬೆಳ್ಳಿತೆರೆಗೆ ಹೋದ ಫುಟ್‌ಬಾಲ್ ಆಟಗಾರರ ಬಗ್ಗೆ ನಿಮ್ಮ ಸಿನಿಮಾ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಫ್ರಾನ್ಸಿನ ಎರಿಕ್ ಕಾಂಟೊನಾ ಇದ್ದರು, ವಿನ್ನಿ ಜೋನ್ಸ್ ಇದ್ದರು. ಮಂಗಳೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಸಂಜೆಯೊಳಗೆ ತಲುಪಬಹುದಾದ ತ್ರಿಶೂರಿನ ಐ.ಎಂ. ವಿಜಯನ್ ಮಾತ್ರ ಇರಲಿಲ್ಲ.

ತ್ರಿಶೂರಿನ ಮುನಿಸಿಪಲ್ ಮೈದಾನದಲ್ಲಿ ಬಾಟಲಿಗೆ ಹತ್ತು ಪೈಸೆಯಂತೆ ಸೋಡಾ ಮಾರುತ್ತಿದ್ದ ಹುಡುಗ ಅವರು. 1990ರಲ್ಲಿ ಅದೇ ಊರಿನಲ್ಲಿ ಕೇರಳ ಪೊಲೀಸ್ ತಂಡ ಫೆಡರೇಷನ್ ಕಪ್ ಗೆದ್ದಾಗ ಆ ತಂಡದಲ್ಲಿದ್ದರು. 1999ರಲ್ಲಿ ಭೂತಾನ್ ವಿರುದ್ಧ 12ನೇ ಸೆಕೆಂಡಿನಲ್ಲೇ ಗೋಲು ಹೊಡೆದರು. ಆ ಸುದ್ದಿಯನ್ನು ಓದಿದ ದಿನ, ಆಗ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ನಾನು, ಸ್ಟಾಪ್‌ವಾಚ್ ಹಿಡಿದು ಹುಡುಗರನ್ನು ನಡುಗೆರೆಯಿಂದ ಚೆಂಡಿನೊಂದಿಗೆ ಓಡಿಸಿದೆ. ಎದುರಾಳಿಗಳೇ ಇರಲಿಲ್ಲ. ಆದರೂ ಒಬ್ಬ ಚೆಂಡನ್ನು ಚರಂಡಿಗೆ ಒದ್ದ, ಇನ್ನೊಬ್ಬ ಮುಗ್ಗರಿಸಿದ. ಹನ್ನೆರಡು ಸೆಕೆಂಡ್ ಎಂದರೆ ಎಷ್ಟು ಎಂಬುದು ನನಗೂ ಅಂದೇ ತಿಳಿದದ್ದು.

ಇನ್ನು ಸಿನಿಮಾ. ಜಯರಾಜ್ ನಿರ್ದೇಶನದ ಮಲಯಾಳದ 'ಶಾಂತಂ' ಚಿತ್ರದಲ್ಲಿ, ಸ್ನೇಹಿತನನ್ನೇ ಕೊಂದು ಆ ಪಾಪ ಹೊತ್ತು ತಿರುಗುವ ಯುವಕ ಅವರು. ಮಾತು ಕಡಿಮೆ, ಎಲ್ಲವೂ ಕಣ್ಣಿನಲ್ಲಿ. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿ ಅದಕ್ಕೆ ಬಂತು. ಅಲ್ಲಿಂದ ಮುಂದೆ ಅವರನ್ನು ಕರೆದವರಿಗೆ ಕಂಡದ್ದು ಆ ಕಣ್ಣುಗಳಲ್ಲ, ಕಪ್ಪು ಮೈಬಣ್ಣ ಮತ್ತು ಕಟ್ಟುಮಸ್ತಾದ ದೇಹ. ತಮಿಳಿನ 'ತಿಮಿರು' ಚಿತ್ರದಲ್ಲಿ ಖಳ. 2019ರ 'ಬಿಗಿಲ್' ಫುಟ್‌ಬಾಲ್ ಸುತ್ತಲೇ ಹೆಣೆದ ಕಥೆ; ಅದರಲ್ಲೂ ಖಳ! ಭಾರತ ತಂಡದ ನಾಯಕನಾಗಿದ್ದವನ ಕೈಗೆ ಚೆಂಡಿನ ಬದಲು ಮಚ್ಚು ಕೊಡುವ ಬುದ್ಧಿ ಸಿನಿಮಾದವರಿಗೆ ಮಾತ್ರ ಬರಲು ಸಾಧ್ಯ. ಹೊಟ್ಟೆಪಾಡಿಗೆ ಒಪ್ಪಿದರೋ, ಖುಷಿಗೆ ಒಪ್ಪಿದರೋ, ಅದು ಅವರಿಗೆ ಬಿಟ್ಟದ್ದು. ನನ್ನ ತಕರಾರು ಪಾತ್ರ ಕೊಟ್ಟವರ ಮೇಲೆ.

2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಟಿ.ವಿ.ಯಲ್ಲಿ ಮುಖ ಕಂಡ ನನ್ನ ಮೊಮ್ಮಗ, "ಅಜ್ಜ, ಬಿಗಿಲ್ ವಿಲನ್!" ಎಂದು ಕೂಗಿದ. ಆ ರಾತ್ರಿಯೇ ಹಟ ಹಿಡಿದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಶಾಂತಂ' ಹಾಕಿದೆ. ಇಪ್ಪತ್ತು ನಿಮಿಷ ಸುಮ್ಮನಿದ್ದ. ಆಮೇಲೆ ಕೇಳಿದ, "ಇವರು ಯಾರಿಗೂ ಹೊಡೆಯುವುದೇ ಇಲ್ಲವಾ?"

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮಂಗಳೂರು