ಕರ್ರಿಯನ್ನು ಬಿಟ್ಟುಕೊಟ್ಟರೆ ಕೈಗೆ ಬರುವುದೇನು?

ಮಾನ್ಯ ಸಂಪಾದಕರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವು ತನ್ನ ತಾರಾ ಆಟಗಾರ ಸ್ಟೀಫನ್ ಕರ್ರಿ ಅವರನ್ನು ಬೆಲೆ ಇರುವಾಗಲೇ ಮಾರಿ ಕೈತೊಳೆದುಕೊಳ್ಳಬೇಕು ಎಂದು ನಿಮ್ಮ ಕ್ರೀಡಾ ಪುಟದ ಅಂಕಣಕಾರರು ಬರೆದಿದ್ದಾರೆ. ಮನುಷ್ಯರ ವಿಷಯದಲ್ಲಿ 'ಮಾರು' ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಅದಿರಲಿ, ಆ ವ್ಯಾಪಾರದ ಭಾಷೆಯೇ ಹಾಗೆ. ನಾನು ದೊಡ್ಡಬಳ್ಳಾಪುರದವನು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಈಚೆ ದಡದ ಫ್ರೀಮಾಂಟ್‌ಗೆ ಬಂದದ್ದು 2009ರಲ್ಲಿ. ಕರ್ರಿ ಈ ತಂಡಕ್ಕೆ ಬಂದದ್ದೂ ಅದೇ ವರ್ಷ. ಹೀಗಾಗಿ ನನಗೆ ಅಭಿಮಾನವಿಲ್ಲವೆಂದು ನಟಿಸಲಾರೆ. ಆದರೆ ಅಂಕಣವನ್ನು ಒಪ್ಪದಿರುವುದು ಅಭಿಮಾನದಿಂದಲ್ಲ, ಅದರ ಲೆಕ್ಕ ಕೂಡುವುದಿಲ್ಲ ಎಂಬ ಕಾರಣದಿಂದ.

2025-26ರ ಋತುವಿಗೆ ಕರ್ರಿ ಅವರ ಸಂಬಳ 5.96 ಕೋಟಿ ಡಾಲರ್. ರೂಪಾಯಿಯಲ್ಲಿ 500 ಕೋಟಿಗೂ ಮೇಲೆ. ಆ ವರ್ಷಕ್ಕೆ ಎನ್‌ಬಿಎ ನಿಗದಿ ಮಾಡಿದ ತಂಡದ ಸಂಬಳ ಮಿತಿ ಸುಮಾರು 15.46 ಕೋಟಿ ಡಾಲರ್. ಅಂದರೆ ಮಿತಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಒಬ್ಬರಿಗೇ ಹೋಗುತ್ತದೆ. ಆ ಒಬ್ಬರು ಹುಟ್ಟಿದ್ದು 1988ರ ಮಾರ್ಚ್‌ನಲ್ಲಿ. 2026-27ಕ್ಕೆ ಇನ್ನೂ ಹೆಚ್ಚು, 6.26 ಕೋಟಿ ಡಾಲರ್ ಕೊಡುವುದಾಗಿ 2024ರಲ್ಲೇ ಸಹಿ ಬಿದ್ದಿದೆ. ಈ ಅಂಕಿಗಳನ್ನು ಸಾಲಾಗಿ ಬರೆದರೆ ಯಾರಿಗಾದರೂ ಗಾಬರಿಯಾಗುತ್ತದೆ, ಒಪ್ಪುತ್ತೇನೆ.

ಆದರೆ ನಮ್ಮವರು ಇಲ್ಲೊಂದು ತಪ್ಪು ಮಾಡುತ್ತಾರೆ. ಮನಸ್ಸಿನಲ್ಲಿ ಐಪಿಎಲ್ ಇಟ್ಟುಕೊಂಡು ಎನ್‌ಬಿಎ ನೋಡುತ್ತಾರೆ. ಐಪಿಎಲ್‌ನಲ್ಲಿ ಆಟಗಾರನನ್ನು ಕೈಬಿಟ್ಟರೆ ಆ ಹಣ ತಂಡದ ಥೈಲಿಗೆ ಮರಳುತ್ತದೆ. ಹರಾಜಿನಲ್ಲಿ ಕೂತು ಇನ್ನೊಬ್ಬನಿಗೆ ಕೈ ಎತ್ತಬಹುದು. ಎನ್‌ಬಿಎಯಲ್ಲಿ ಮಿತಿ ದಾಟಿರುವ ತಂಡಕ್ಕೆ ಆ ಭಾಗ್ಯವಿಲ್ಲ. ಟ್ರೇಡ್, ಅಂದರೆ ತಂಡಗಳ ನಡುವಿನ ಆಟಗಾರರ ಅದಲುಬದಲು, ಅಲ್ಲಿ ಸಂಬಳಕ್ಕೆ ಸಂಬಳ ಸರಿದೂಗಿಸುವ ವ್ಯವಹಾರ. ಸುಮಾರು ಆರು ಕೋಟಿ ಡಾಲರ್‌ನ ಕರ್ರಿ ಹೋದರೆ, ಎದುರಿನಿಂದ ಹತ್ತಿರ ಹತ್ತಿರ ಅಷ್ಟೇ ಸಂಬಳದ ಆಟಗಾರರು ಬರಬೇಕು. ಭಾರ ಇಳಿಯುವುದಿಲ್ಲ, ಹೊರೆಯ ಮೇಲಿನ ಹೆಸರು ಬದಲಾಗುತ್ತದೆ ಅಷ್ಟೆ.

ಅಂಕಣಕಾರರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಬಾಸ್ಟನ್. 2013ರ ಬೇಸಿಗೆಯಲ್ಲಿ ಸೆಲ್ಟಿಕ್ಸ್ ತಂಡ 35ರ ಪಾಲ್ ಪಿಯರ್ಸ್, 37ರ ಕೆವಿನ್ ಗಾರ್ನೆಟ್ ಇಬ್ಬರನ್ನೂ ಬ್ರೂಕ್ಲಿನ್ ನೆಟ್ಸ್‌ಗೆ ಬಿಟ್ಟುಕೊಟ್ಟಿತು. ಪಿಯರ್ಸ್ ಹದಿನೈದು ಋತುಗಳನ್ನು ಬಾಸ್ಟನ್‌ನಲ್ಲೇ ಕಳೆದವರು. ಪ್ರತಿಯಾಗಿ ಬಂದದ್ದು 2014, 2016, 2018ರ ಮೊದಲ ಸುತ್ತಿನ ಡ್ರಾಫ್ಟ್ ಸರದಿಗಳು (ಲೀಗ್‌ಗೆ ಬರುವ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್), ಜೊತೆಗೆ 2017ರಲ್ಲಿ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು. ಅದರಲ್ಲೇ ಜೇಲೆನ್ ಬ್ರೌನ್ ಬಂದರು, ಜೇಸನ್ ಟೇಟಮ್ ಬಂದರು, 2024ರಲ್ಲಿ ಪ್ರಶಸ್ತಿಯೂ ಬಂತು. ಇದಕ್ಕಿಂತ ಚೊಕ್ಕ ವ್ಯಾಪಾರ ಈ ಆಟದಲ್ಲಿ ನಡೆದಿಲ್ಲವೆಂದರೂ ಸರಿ.

ಆದರೆ ಕೊಂಡವರು ಯಾರು? ಆ ಅರ್ಧ ಕಥೆ ಅಂಕಣದಲ್ಲಿ ಇರಲಿಲ್ಲ. ನೆಟ್ಸ್ ಆಗಿನ್ನೂ ನ್ಯೂಜೆರ್ಸಿ ಬಿಟ್ಟು ಬ್ರೂಕ್ಲಿನ್‌ನ ಹೊಸ ಅಂಗಣಕ್ಕೆ ಬಂದು ಒಂದು ವರ್ಷವಾಗಿತ್ತು. ಮಾಲೀಕ ಮಿಖಾಯಿಲ್ ಪ್ರೊಖೊರೊವ್ ರಷ್ಯಾದ ಶತಕೋಟ್ಯಧಿಪತಿ. ಗೆಲುವು ತಕ್ಷಣ ಬೇಕು, ದುಡ್ಡಿನ ಚಿಂತೆ ಇಲ್ಲ. ಆ ಋತುವಿನಲ್ಲಿ ಐಷಾರಾಮಿ ತೆರಿಗೆ (ಸಂಬಳದ ವೆಚ್ಚ ಅತಿಯಾದ ತಂಡ ಲೀಗ್‌ಗೆ ಕಟ್ಟುವ ದಂಡ) ಒಂದಕ್ಕೇ ಸುಮಾರು 9 ಕೋಟಿ ಡಾಲರ್ ತೆತ್ತರು. ದಕ್ಕಿದ್ದು ಪ್ಲೇಆಫ್‌ನ ಒಂದೇ ಒಂದು ಸುತ್ತು. ಮರುವರ್ಷ ಪಿಯರ್ಸ್ ವಾಷಿಂಗ್ಟನ್ ಸೇರಿದರು. 2015ರ ಫೆಬ್ರುವರಿಯಲ್ಲಿ ಗಾರ್ನೆಟ್ ಮಿನೆಸೋಟಕ್ಕೆ ಮರಳಿದರು. ಬಾಸ್ಟನ್‌ನ ಜಾಣ್ಮೆ ಎಷ್ಟೇ ಇರಲಿ, ಇಂಥ ಗಿರಾಕಿ ಬಾಗಿಲಿಗೆ ಬರದಿದ್ದರೆ ಅದು ಬರಿಯ ಜಾಣ್ಮೆಯಾಗಿಯೇ ಉಳಿಯುತ್ತಿತ್ತು.

ಅಂಥ ಗಿರಾಕಿಗಳ ಕೈ ಕಟ್ಟಲೆಂದೇ ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದಲ್ಲಿ ತಂಡದ ಒಟ್ಟು ಸಂಬಳಕ್ಕೆ ಬಿಗಿಯಾದ ಗೆರೆಗಳನ್ನು ಎಳೆದರು. ಫಸ್ಟ್ ಏಪ್ರನ್ ಎಂಬ ಗೆರೆ ದಾಟಿದ ತಂಡ ತಾನು ಕಳುಹಿಸುವ ಸಂಬಳಕ್ಕಿಂತ ಒಂದು ಡಾಲರ್ ಹೆಚ್ಚಿಗೆ ತರುವಂತಿಲ್ಲ. ಸೆಕೆಂಡ್ ಏಪ್ರನ್ ದಾಟಿದರೆ ಇಬ್ಬರು ಮೂವರ ಸಂಬಳವನ್ನು ಒಟ್ಟುಗೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವುದೂ ಸಾಧ್ಯವಿಲ್ಲ. ಈಗ ಯೋಚಿಸಿ. ವಯಸ್ಸಾದ ತಾರೆಗೆ ಆಸೆಪಡುವುದು ಪ್ರಶಸ್ತಿಗೆ ಒಂದು ಮೆಟ್ಟಿಲು ಕೆಳಗಿರುವ ತಂಡ. ಆ ತಂಡದ ಬಳಿ ಒಳ್ಳೆಯ ಆಟಗಾರರಿರುತ್ತಾರೆ, ಅವರಿಗೆ ದೊಡ್ಡ ಸಂಬಳವಿರುತ್ತದೆ, ಆದ್ದರಿಂದ ಗೆರೆಗಳ ಹತ್ತಿರವೇ ಇರುತ್ತದೆ. ಕರ್ರಿ ಬೇಕೆಂದರೆ ಮೂರು ನಾಲ್ಕು ಕಂಬಗಳನ್ನು ಕಿತ್ತು ಕೊಡಬೇಕು. ಕಂಬ ಕಿತ್ತ ಮನೆಗೆ ಕರ್ರಿ ಬಂದು ಏನು ಮಾಡಬೇಕು? ಇನ್ನು ಕಂಬಗಳಿಲ್ಲದ ಬಡ ತಂಡ ಎಳೆಯ ಹುಡುಗರನ್ನು ಕೊಟ್ಟು ಎರಡು ವರ್ಷಕ್ಕಾಗಿ ಕರ್ರಿಯನ್ನು ತರುವಷ್ಟು ಬುದ್ಧಿಗೇಡಿಯಲ್ಲ.

ಸಂಬಳದ ಬಗ್ಗೆ ಒಂದು ಹಳೆಯ ಸಂಗತಿ. 2011-12ರಲ್ಲಿ ಕಾಲಿನ ಕೀಲಿನ ತೊಂದರೆಯಿಂದ ಕರ್ರಿ ಆಡಿದ್ದು 26 ಪಂದ್ಯ ಮಾತ್ರ. ಆ ಭಯದಲ್ಲೇ 2012ರಲ್ಲಿ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್‌ನ ಒಪ್ಪಂದವಾಯಿತು. ಆ ಒಪ್ಪಂದ ನಡೆಯುತ್ತಿದ್ದಾಗಲೇ ಅವರು ಎರಡು ಬಾರಿ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. 2016-17ರಲ್ಲಿ ತಮ್ಮದೇ ತಂಡದಲ್ಲಿ ಸಂಬಳದಲ್ಲಿ ನಾಲ್ಕನೆಯವರಾಗಿದ್ದರು! ಇನ್ನೊಬ್ಬ ದುಬಾರಿ ತಾರೆ ಕೆವಿನ್ ಡ್ಯುರಾಂಟ್ ಈ ತಂಡದ ಲೆಕ್ಕದಲ್ಲಿ ಹಿಡಿದದ್ದಕ್ಕೆ ಆ ಅಗ್ಗದ ಸಂಬಳವೂ ಒಂದು ಕಾರಣ. ಇಂದಿನದನ್ನು ಬಾಕಿ ಸಂದಾಯವೆಂದು ಕರೆದರೂ ತಪ್ಪಿಲ್ಲ. ಆದರೆ ಬಾಕಿ ತೀರಿಸುವುದು ಆಟ ಗೆಲ್ಲಿಸುವುದಿಲ್ಲ ಎಂದು ಅಂಕಣಕಾರರು ಹೇಳಬಹುದು, ಅದೂ ನ್ಯಾಯವೇ. ಕೋಬಿ ಬ್ರಯಂಟ್ ಅವರ ನಿದರ್ಶನ ಕಣ್ಣ ಮುಂದಿದೆ. ಹಿಮ್ಮಡಿಯ ನರ ಹರಿದು, ಇನ್ನೂ ಅಂಗಣಕ್ಕೆ ಮರಳುವ ಮೊದಲೇ 2013ರ ನವೆಂಬರ್‌ನಲ್ಲಿ ಲೇಕರ್ಸ್ ಅವರಿಗೆ ಎರಡು ವರ್ಷಕ್ಕೆ 4.85 ಕೋಟಿ ಡಾಲರ್ ಬರೆದುಕೊಟ್ಟಿತು. ಆ ಒಪ್ಪಂದದ ಎರಡು ಋತುಗಳಲ್ಲಿ ತಂಡ ಗೆದ್ದದ್ದು 21 ಮತ್ತು 17 ಪಂದ್ಯ.

ಕರ್ರಿ ಹಾಗಾಗಿಲ್ಲ. 37 ತುಂಬಿದ 2024-25ರ ಋತುವಿನಲ್ಲಿ 70 ಪಂದ್ಯ ಆಡಿ ಸರಾಸರಿ 24.5 ಅಂಕ ಗಳಿಸಿದರು, ಆ ವರ್ಷದ ಲೀಗ್‌ನ ಅತ್ಯುತ್ತಮರನ್ನು ಹೆಸರಿಸುವ ಆಲ್-ಎನ್‌ಬಿಎ ಪಟ್ಟಿಯ ಎರಡನೇ ತಂಡದಲ್ಲಿ ಹೆಸರು ಬಂತು. ಎಸೆಯುವ ಕೈಗೆ ನೆಗೆಯುವ ಕಾಲಿನಷ್ಟು ಬೇಗ ಮುಪ್ಪು ಬರುವುದಿಲ್ಲ. ಆದರೆ ಕೈ ಅರ್ಧ ಮಾತ್ರ. ಕಳೆದ ಬಾರಿ ಊರಿನಿಂದ ಬಂದಿದ್ದ ಅಪ್ಪನನ್ನು ವಾರಿಯರ್ಸ್‌ನ ಅಂಗಣವಾದ ಚೇಸ್ ಸೆಂಟರ್‌ಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ದೈಹಿಕ ಶಿಕ್ಷಣ ಶಿಕ್ಷಕರಾಗಿ ನಿವೃತ್ತರಾದವರು. ಆಟಕ್ಕೆ ಒಂದೂವರೆ ಗಂಟೆ ಮೊದಲೇ ಕಟಕಟೆಗೆ ಒತ್ತಿ ನಿಂತೆವು. ಕರ್ರಿ ಅಭ್ಯಾಸ ನೋಡಲೆಂದೇ ಅಷ್ಟು ಜನ ಸೇರುತ್ತಾರೆ. ಬುಟ್ಟಿಯ ಕೆಳಗೆ ಎಡಗೈಯಿಂದ ಶುರುಮಾಡಿ, ಒಂದೊಂದೇ ಹೆಜ್ಜೆ ಹಿಂದೆ ಸರಿದು, ಕೊನೆಗೆ ಅಂಗಣದ ನಡುಗೆರೆಯ ಹತ್ತಿರದಿಂದ ಎಸೆದರು. ಜನ ಚೆಂಡನ್ನು ನೋಡುತ್ತಿದ್ದರು. ಅಪ್ಪ ಮಾತ್ರ ನನ್ನ ಭುಜ ತಟ್ಟಿ, "ಪಾದ ನೋಡು. ಎಲ್ಲಿಂದ ಎಸೆದರೂ ಇಳಿಯುವುದು ಒಂದೇ ತರಹ" ಎಂದರು. ಆಟ ಶುರುವಾದ ಮೇಲೆ ಇನ್ನೊಂದನ್ನು ಗಮನಿಸಿದವರೂ ಅವರೇ: ಕೈಯಲ್ಲಿ ಚೆಂಡಿಲ್ಲದಾಗಲೂ ಎದುರಾಳಿಗಳಿಬ್ಬರು ಕರ್ರಿಯ ಬೆನ್ನ ಹಿಂದೆಯೇ ಓಡುತ್ತಾರೆ, ಆಗ ಬುಟ್ಟಿಯ ಕೆಳಗೆ ಬೇರೆ ಯಾರೋ ಒಂಟಿಯಾಗಿ ನಿಂತಿರುತ್ತಾರೆ. ಆ ಸುಲಭದ ಎರಡು ಅಂಕ ಕರ್ರಿ ಹೆಸರಿನಲ್ಲಿ ದಾಖಲಾಗುವುದಿಲ್ಲ. ಟ್ರೇಡ್‌ನಲ್ಲಿ ಬರುವ ಯಾವ ಮೂವರೂ ಅದನ್ನು ಕೊಡಲಾರರು.

ಕಾಲು ಕೈಕೊಡುವುದೂ ಉಂಟು. 2025ರ ಮೇ 6ರಂದು ಮಿನೆಸೋಟ ವಿರುದ್ಧ ಎರಡನೇ ಕ್ವಾರ್ಟರ್‌ನಲ್ಲಿ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡಿತು. ಆ ಪಂದ್ಯವನ್ನು ತಂಡ ಹೇಗೋ ಗೆದ್ದಿತು, ಮುಂದಿನ ನಾಲ್ಕನ್ನೂ ಸೋತಿತು. ಇದನ್ನು ಅಂಕಣಕಾರರು ವಯಸ್ಸಿಗೆ ಸಾಕ್ಷಿಯೆಂದು ಬರೆದಿದ್ದಾರೆ. ಕರ್ರಿ ಇಲ್ಲದೆ ತಂಡ ಏನಾಗುತ್ತದೆ ಎಂಬುದಕ್ಕೂ ಅದೇ ಸಾಕ್ಷಿ.

ವಾರಿಯರ್ಸ್‌ನ ನಿಜವಾದ ನಷ್ಟ ಬೇರೆ ಕಡೆ ಇದೆ. 2020ರ ಡ್ರಾಫ್ಟ್‌ನಲ್ಲಿ ಎರಡನೇ ಸರದಿ ಕೈಯಲ್ಲಿತ್ತು. ಜೇಮ್ಸ್ ವೈಸ್‌ಮನ್ ಅವರನ್ನು ಆರಿಸಿಕೊಂಡರು. ಮೂರು ವರ್ಷ ತುಂಬುವ ಮೊದಲೇ ಕಳುಹಿಸಿಬಿಟ್ಟರು. ಮುಂದೆ ತಾರೆಯಾದ ಟೈರೀಸ್ ಹ್ಯಾಲಿಬರ್ಟನ್ ಅದೇ ಡ್ರಾಫ್ಟ್‌ನಲ್ಲಿ ಹನ್ನೆರಡನೆಯವರಾಗಿ ಹೋದರು. ಕರ್ರಿ ಉತ್ತುಂಗದಲ್ಲಿದ್ದಾಗ ಅವರ ಪಕ್ಕಕ್ಕೆ ಆಟಗಾರರನ್ನು ತರುವ ಬದಲು, ಹುಡುಗರು ಮಾಗಲಿ ಎಂದು ಕಾದು ಕೂತರು. ಹುಡುಗರೂ ಮಾಗಲಿಲ್ಲ, ಕರ್ರಿಯ ವಯಸ್ಸೂ ನಿಲ್ಲಲಿಲ್ಲ. ಈಗ ಅದರ ದಂಡವನ್ನು ಕರ್ರಿ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ಅಭಿಮಾನಿಗಳ ಮಾತು ಯಾವಾಗಲೂ ಸರಿ ಎಂದು ನಾನು ವಾದಿಸುತ್ತಿಲ್ಲ. 2012ರ ಮಾರ್ಚ್‌ನಲ್ಲಿ ಇದೇ ತಂಡ ಜನರ ಕಣ್ಮಣಿಯಾಗಿದ್ದ ಮೊಂಟಾ ಎಲ್ಲಿಸ್ ಅವರನ್ನು ಮಿಲ್ವಾಕಿಗೆ ಕೊಟ್ಟು, ಗಾಯಗೊಂಡು ಕೂತಿದ್ದ ಆ್ಯಂಡ್ರ್ಯೂ ಬೋಗಟ್ ಅವರನ್ನು ತಂದಿತು. ಕೆಲವೇ ದಿನಗಳಲ್ಲಿ ಓಕ್ಲೆಂಡ್‌ನ ಅಂಗಣದಲ್ಲಿ ಕ್ರಿಸ್ ಮಲ್ಲಿನ್ ಅವರ ಜೆರ್ಸಿಗೆ ಗೌರವ ಸಲ್ಲಿಸುವ ಸಮಾರಂಭ. ಮಾಲೀಕ ಜೋ ಲೇಕಬ್ ಮೈಕ್ ಹಿಡಿದರೆ ಮಾತನಾಡಲು ಬಿಡಲಿಲ್ಲ, ಇಡೀ ಅಂಗಣ ಕೂಗಿ ಅವಮಾನ ಮಾಡಿತು. ಕೂಗಿದವರಲ್ಲಿ ನಾನೂ ಇದ್ದೆ. ಮೂರು ವರ್ಷದ ನಂತರ ಬೋಗಟ್ ಇದ್ದ ತಂಡವೇ ಪ್ರಶಸ್ತಿ ಗೆದ್ದಿತು. ನಾನು ಬಾಯಿ ಮುಚ್ಚಿಕೊಂಡು ಟಿಕೆಟ್ ಕೊಂಡೆ. ಅಲ್ಲಿ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಏನು ಬರುತ್ತದೆಂಬುದು ಗೊತ್ತಿತ್ತು, ಅದು ಬೇಕಾದದ್ದೂ ಆಗಿತ್ತು.

ಕರ್ರಿ ಅವರೇ ಒಂದು ದಿನ ಬಾಯಿಬಿಟ್ಟು, ಐದನೇ ಪ್ರಶಸ್ತಿಗೆ ಬೇರೆ ಊರಿಗೆ ಹೋಗುತ್ತೇನೆ ಎಂದರೆ ಮಾತು ಬೇರೆ. ಬಂದಷ್ಟಕ್ಕೆ ತೃಪ್ತಿಪಟ್ಟು ಒಳ್ಳೆಯ ಮನಸ್ಸಿನಿಂದ ಕಳುಹಿಸಿಕೊಡಲಿ. ಅಲ್ಲಿಯವರೆಗೆ ಅಂಕಣಕಾರರಲ್ಲಿ ಒಂದು ಕೋರಿಕೆ. ಮುಂದಿನ ವಾರ ಎರಡೇ ಸಾಲು ಬರೆಯಲಿ: ಯಾವ ತಂಡಕ್ಕೆ ಕೊಡಬೇಕು, ಅಲ್ಲಿಂದ ಯಾರು ಯಾರು ಬರಬೇಕು. ಸಂಬಳದ ಪಟ್ಟಿ ತೆರೆದಿಟ್ಟುಕೊಂಡು ಕೂಡಿ ಕಳೆಯಲು ನಾನು ಸಿದ್ಧನಿದ್ದೇನೆ.

ಇಂತಿ ನಿಮ್ಮ ಓದುಗ,
ಫ್ರೀಮಾಂಟ್, ಕ್ಯಾಲಿಫೋರ್ನಿಯಾ